ಕಾಯುವ ಗುಣ

ಜನ ಒಂದೆಡೆ ಸೇರಿದ ಮಾತ್ರಕ್ಕೆ ಸಮುದಾಯವಾಗುವುದಿಲ್ಲ. ರೈಲು ನಿಲ್ದಾಣದಲ್ಲಿ ಸಾವಿರ ಜನ ಸೇರಿರುತ್ತಾರೆ; ಬಂಡಿ ಬಂದೊಡನೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುತ್ತಾರೆ. ನಂಬಿಕೆಯೊಂದೇ ಆದ ಮಾತ್ರಕ್ಕೂ ಸಮುದಾಯವಾಗುವುದಿಲ್ಲ. ಒಂದೇ ದೇವರಿಗೆ ಕೈಮುಗಿಯುವವರು ಒಬ್ಬರ ಮನೆಯ ನೀರನ್ನು ಮತ್ತೊಬ್ಬರು ಮುಟ್ಟದೆ ಶತಮಾನಗಳನ್ನು ಕಳೆದ ಸಂಗತಿ ನಮಗೆ ಹೊಸದಲ್ಲ. ಹಾಗಾದರೆ ಜನರನ್ನು ಬರಿಯ ಗುಂಪಾಗಿ ಬಿಡದೆ ಒಂದು ಸಮುದಾಯವನ್ನಾಗಿ ಕಟ್ಟುವ ಗುಣ ಯಾವುದು? ಹಳೆಯ ಪ್ರಶ್ನೆ ಇದು. ಇದಕ್ಕೆ ಕ್ರೈಸ್ತರು ತಮ್ಮ ಮೊದಲ ದಿನಗಳಲ್ಲಿ ಕಂಡುಕೊಂಡ ಒಂದು ಉತ್ತರವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ನಾನು ಆ ಮತದವನಲ್ಲ. ಕನ್ನಡ ಪಾಠ ಹೇಳುವುದು ನನ್ನ ಕೆಲಸ. ಆದರೆ ಕನ್ನಡ ಪಾಠ ಹೇಳುವವನು ಕ್ರೈಸ್ತರನ್ನು ಬಿಟ್ಟು ಬಹುದೂರ ನಡೆಯಲಾರ. 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ' ಹೆರ್ಮನ್ ಮೋಗ್ಲಿಂಗರದು; 1894ರಲ್ಲಿ ಅಚ್ಚಾದ ಮಹಾ ನಿಘಂಟು ಫರ್ಡಿನಂಡ್ ಕಿಟ್ಟೆಲರದು. ನಮ್ಮ ನುಡಿಗೆ ಇಷ್ಟು ದುಡಿದವರು ಯಾವ ಪುಸ್ತಕವನ್ನು ನೆಚ್ಚಿಕೊಂಡು ಕಡಲು ದಾಟಿ ಬಂದರೋ ಆ ಪುಸ್ತಕವನ್ನು ಒಮ್ಮೆಯಾದರೂ ನೆಟ್ಟಗೆ ಓದಬೇಡವೆ? ಹಾಗೆಂದು ಓದಲು ಕುಳಿತವನನ್ನು ಹಿಡಿದು ನಿಲ್ಲಿಸಿದ್ದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ. ಅದರಲ್ಲಿ ತತ್ತ್ವವಿದೆ, ನಿಜ. ಆದರೆ ಅದು ಹುಟ್ಟಿದ್ದು ತತ್ತ್ವಜಿಜ್ಞಾಸೆಯಿಂದಲ್ಲ, ಜಗಳದಿಂದ.

ಸಮುದಾಯವನ್ನು ಕಟ್ಟುವುದು ಯಾವುದು ಎಂದು ಕ್ರೈಸ್ತರನ್ನು ಕೇಳಿದರೆ ತಡಮಾಡದೆ ಬರುವ ಉತ್ತರ: ಪ್ರೀತಿ. ಈ ಪತ್ರದ ಹದಿಮೂರನೆಯ ಅಧ್ಯಾಯ ಪ್ರೀತಿಯ ಮಹಿಮೆಯನ್ನು ಹೇಳುವಂಥದು. ಮದುವೆಗಳಲ್ಲಿ ಅದನ್ನು ಓದುವ ವಾಡಿಕೆಯುಂಟು. ಹೂವಿನ ಹಾರ, ವಾದ್ಯ, ಹೊಸ ಬಟ್ಟೆಗಳ ನಡುವೆ ಕೇಳಿದಾಗ ಅದು ಮಧುರವಾಗಿಯೇ ಇರುತ್ತದೆ. ಆದರೆ ಅದು ವಧೂವರರಿಗೆ ಬರೆದದ್ದಲ್ಲ. ಪಕ್ಷ ಕಟ್ಟಿಕೊಂಡು, ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗಿ, ಒಂದೇ ಮನೆಯಲ್ಲಿ ಸೇರಿದರೂ ಒಟ್ಟಿಗೆ ಊಟ ಮಾಡಲಾರದವರಿಗೆ ಬರೆದದ್ದು. ಹನ್ನೊಂದನೆಯ ಅಧ್ಯಾಯದ ಊಟದ ಜಗಳವನ್ನು ಓದದೆ ಹದಿಮೂರನೆಯದಕ್ಕೆ ಹಾರಿದವರಿಗೆ ಪ್ರೀತಿಯೆಂಬುದು ಬರಿಯ ದೊಡ್ಡ ಮಾತಾಗಿ ಉಳಿದುಬಿಡುವ ಭಯವಿದೆ. ಆದುದರಿಂದ ಆ ಊಟದ ಮನೆಯನ್ನೇ ಮೊದಲು ನೋಡೋಣ.

ಕೊರಿಂಥ ಗ್ರೀಸ್ ದೇಶದ ಊರು. ಎರಡು ಸಮುದ್ರಗಳ ನಡುವಿನ ಕಿರಿದಾದ ನೆಲದ ಮೇಲೆ, ಎರಡು ಬಂದರುಗಳನ್ನು ಹೊಂದಿದ್ದ ವ್ಯಾಪಾರದ ಪಟ್ಟಣ. ಕ್ರಿಸ್ತಪೂರ್ವ 146ರಲ್ಲಿ ರೋಮನರು ಅದನ್ನು ಹಾಳುಗೆಡವಿದರು. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರ್ ಅಲ್ಲಿ ಹೊಸ ವಸಾಹತನ್ನು ಸ್ಥಾಪಿಸಿ, ಬಿಡುಗಡೆ ಪಡೆದ ಗುಲಾಮರೇ ಮೊದಲಾದವರನ್ನು ತಂದು ನೆಲೆಗೊಳಿಸಿದ. ಹಳೆಯ ಮನೆತನಗಳಿಲ್ಲದ ಊರಿನಲ್ಲಿ ಹೊಸ ಹಣಕ್ಕೆ ಹೆಚ್ಚು ಬೆಲೆ. ಇಂದು ನಾಲ್ಕು ಕಾಸು ಕಂಡವನಿಗೆ ನಿನ್ನೆಯ ತನ್ನ ಸ್ಥಿತಿಯನ್ನು ಮರೆಯುವ ಆತುರ. ಕ್ರಿ.ಶ. 50ರ ಸುಮಾರಿಗೆ ಪೌಲ ಅಲ್ಲಿಗೆ ಬಂದು, ಗುಡಾರ ಮಾಡುವ ಕೆಲಸದಿಂದ ಹೊಟ್ಟೆ ಹೊರೆಯುತ್ತ ಒಂದೂವರೆ ವರ್ಷ ನಿಂತು ಒಂದು ಸಭೆಯನ್ನು ಕಟ್ಟಿದ. ಕೆಲವು ವರ್ಷಗಳ ಮೇಲೆ ಅವನು ಎಫೆಸದಲ್ಲಿದ್ದಾಗ, ಖ್ಲೋಯೆ ಎಂಬಾಕೆಯ ಮನೆಯವರು ಬಂದು ಸಭೆ ಒಡೆಯುತ್ತಿರುವ ಸುದ್ದಿಯನ್ನು ಮುಟ್ಟಿಸಿದರು.

ಆ ಸಭೆಯಲ್ಲಿ ಯಾರು ಯಾರಿದ್ದರು? ಕುಲೀನರೂ ಬಲಿಷ್ಠರೂ ಹೆಚ್ಚಾಗಿ ಇರಲಿಲ್ಲವೆಂದು ಪೌಲನೇ ಹೇಳುತ್ತಾನೆ. ಆದರೆ ಕೆಲವರಿದ್ದರು. ಪೌಲ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಕೊರಿಂಥದ ಕೆಲವರ ಹೆಸರುಗಳು ಬರುತ್ತವೆ. ಇಡೀ ಸಭೆಗೆ ತನ್ನ ಮನೆಯಲ್ಲಿ ಜಾಗ ಕೊಟ್ಟ ಗಾಯನಿದ್ದಾನೆ. ಪಟ್ಟಣದ ಬೊಕ್ಕಸದ ಅಧಿಕಾರಿ ಎರಸ್ತನಿದ್ದಾನೆ. ಜೊತೆಯಲ್ಲಿಯೇ ತೆರ್ತಿಯ, ಕ್ವರ್ತ ಎಂಬವರಿದ್ದಾರೆ. ಲ್ಯಾಟಿನಿನಲ್ಲಿ ಈ ಎರಡು ಹೆಸರುಗಳಿಗೆ ಅರ್ಥ 'ಮೂರನೆಯವನು', 'ನಾಲ್ಕನೆಯವನು' ಎಂದಷ್ಟೆ. ಗುಲಾಮರಲ್ಲಿ ಇಂಥ ಹೆಸರುಗಳು ಸಾಮಾನ್ಯವಾಗಿದ್ದುವು. ಬೊಕ್ಕಸದ ಅಧಿಕಾರಿಯೂ 'ನಾಲ್ಕನೆಯವನೂ' ಒಂದೇ ಪತ್ರದಲ್ಲಿ, ಒಂದೇ ಸಾಲಿನಲ್ಲಿ ನಮಸ್ಕಾರ ಹೇಳುತ್ತಾರೆ. ಕಾಗದದ ಮೇಲೆ ಅದು ಸುಲಭ. ಊಟದ ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ.

ಆ ಕಾಲದಲ್ಲಿ ಕ್ರೈಸ್ತರಿಗೆ ಬೇರೆ ದೇವಾಲಯಗಳಿರಲಿಲ್ಲ, ಮನೆಗಳಲ್ಲಿಯೇ ಸೇರುತ್ತಿದ್ದರು. 'ಕರ್ತನ ಭೋಜನ'ವೆಂದು ಅವರು ಕರೆಯುತ್ತಿದ್ದುದು ಇಂದಿನಂತೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸವಾಗಿರಲಿಲ್ಲ. ಹೊಟ್ಟೆತುಂಬ ಉಣ್ಣುವ ನಿಜವಾದ ಊಟದ ಅಂಗವಾಗಿತ್ತು. ಭಾನುವಾರ ರಜೆಯೂ ಇರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಆ ದಿನವನ್ನು ವಿರಾಮದ ದಿನವೆಂದು ಸಾರಿದ್ದು ಕ್ರಿ.ಶ. 321ರಲ್ಲಿ. ಅನುಕೂಲಸ್ಥನಿಗೆ ಸಾಯಂಕಾಲ ಬೇಗ ಬಿಡುವು. ಬಂದರಿನಲ್ಲಿ ಮೂಟೆ ಹೊರುವ ಗುಲಾಮನಿಗೆ ಯಜಮಾನ ಬಿಟ್ಟಾಗಲೇ ಬಿಡುವು. ಮೊದಲು ಬಂದವರು ತಾವು ತಂದದ್ದನ್ನು ತಾವು ಉಣ್ಣಲು ತೊಡಗಿದರು. ರೋಮನರ ಮಾದರಿಯ ಊಟದ ಕೋಣೆಯಲ್ಲಿ ಒರಗಿ ಕುಳಿತು ಉಣ್ಣಲು ಒಂಬತ್ತು ಹತ್ತು ಜನಕ್ಕೆ ಸ್ಥಳ. ಉಳಿದವರು ಅಂಗಳದಲ್ಲಿ ಇದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ದುಡಿದು ದಣಿದವರು ಬರುವ ವೇಳೆಗೆ ಪಾತ್ರೆ ಬರಿದು. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ ಎಂದು ಪೌಲ ಆ ದೃಶ್ಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾನೆ.

ಅವನ ಸಿಟ್ಟು ಸಾಮಾನ್ಯವಾದದ್ದಲ್ಲ. ಏನೂ ಇಲ್ಲದವರನ್ನು ನಾಚಿಕೆಪಡಿಸಿದಿರಿ, ದೇವರ ಸಭೆಯನ್ನೇ ತಿರಸ್ಕರಿಸಿದಿರಿ, ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಎನ್ನುವ ಮಟ್ಟಕ್ಕೆ ಹೋಗುತ್ತಾನೆ. ಇಷ್ಟು ಓದಿದ ನಾವು ಮುಂದೆ ಏನನ್ನು ನಿರೀಕ್ಷಿಸುತ್ತೇವೆ? ದೊಡ್ಡದೊಂದು ಪ್ರಾಯಶ್ಚಿತ್ತವನ್ನು, ಆಸ್ತಿಯನ್ನೆಲ್ಲ ಹಂಚಿಬಿಡಿರಿ ಎಂಬ ಆಜ್ಞೆಯನ್ನು. ಬರುವುದು ಅದಾವುದೂ ಅಲ್ಲ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎನ್ನುತ್ತಾನೆ. ತಡೆಯಲಾರದಷ್ಟು ಹಸಿವಾದರೆ ಮನೆಯಲ್ಲಿ ತಿಂದು ಬನ್ನಿರಿ ಎನ್ನುತ್ತಾನೆ. ಅಷ್ಟೆ. ಮೊದಲ ಸಲ ಓದಿದಾಗ ನನಗೆ ಇದು ತೀರ ಸಣ್ಣ ಪರಿಹಾರವೆಂದು ತೋರಿತು. ಬೆಟ್ಟದಂಥ ರೋಗಕ್ಕೆ ಅಡುಗೆಮನೆಯ ಮದ್ದು! ಯೋಚಿಸುತ್ತ ಹೋದಂತೆ ಇದರಷ್ಟು ಆಳವಾದದ್ದು ಆ ಪತ್ರದಲ್ಲಿ ಹೆಚ್ಚಿಲ್ಲವೆನ್ನಿಸಿದೆ.

ಪೌಲ ಇಲ್ಲಿ ಬಳಸುವ ಗ್ರೀಕ್ ಕ್ರಿಯಾಪದ 'ಎಕ್‌ದೆಖೊಮೈ'. ಅದಕ್ಕೆ 'ಕಾದಿರು' ಎಂಬ ಅರ್ಥವುಂಟು. 'ಬರಮಾಡಿಕೊ, ಸತ್ಕರಿಸು' ಎಂಬ ಅರ್ಥವನ್ನೂ ವಿದ್ವಾಂಸರು ಹೇಳುತ್ತಾರೆ. ಕನ್ನಡದ ಮಾತು ಇನ್ನೊಂದು ದಿಕ್ಕಿನಲ್ಲಿ ಬೆಳೆದಿದೆ. ನಾವು ನೆಂಟರಿಗಾಗಿ ಕಾಯುತ್ತೇವೆ, ಹೊಲವನ್ನು ಕಾಯುತ್ತೇವೆ, ದೇವರು ಕಾಯಲಿ ಎನ್ನುತ್ತೇವೆ. ಎದುರು ನೋಡುವುದಕ್ಕೂ ರಕ್ಷಿಸುವುದಕ್ಕೂ ನಮಗೆ ಒಂದೇ ಕ್ರಿಯಾಪದ. ಹಾಲು ಕಾಯುವುದೂ ಅದೇ ರೂಪದಲ್ಲಿಯೇ; ಕಾಯುವವನ ಹೊಟ್ಟೆಯೂ ಒಂದಿಷ್ಟು ಕಾಯುತ್ತದೆಯಲ್ಲ! ಶಬ್ದಗಳ ಸಂಬಂಧದ ಮೇಲೆ ತತ್ತ್ವವನ್ನು ಕಟ್ಟುವುದು ಅಪಾಯ. ನಮ್ಮ ಕನ್ನಡ ಅಧ್ಯಾಪಕರಿಗೆ ಆ ಚಪಲ ಸ್ವಲ್ಪ ಹೆಚ್ಚು. ಆದರೂ ಇಲ್ಲಿ ನುಡಿ ಸುಳ್ಳು ಹೇಳುತ್ತಿಲ್ಲವೆಂದು ನನ್ನ ನಂಬಿಕೆ. ಬಾರದಿರುವವನಿಗಾಗಿ ಕಾಯುವವನು ಅವನ ಪಾಲನ್ನೂ ಮಾನವನ್ನೂ ಕಾಯುತ್ತಾನೆ.

ಕಾಯುವ ಪಾಠ ನಮ್ಮ ಪಂಕ್ತಿಗೂ ಗೊತ್ತಿಲ್ಲದ್ದಲ್ಲ. ಮದುವೆಯ ಊಟದಲ್ಲಿ ಎಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಂದು, ಅನ್ನ ಬಂದು, ತೊವ್ವೆ ತುಪ್ಪ ಬೀಳುವವರೆಗೆ ಯಾರೂ ಕೈಯಿಕ್ಕುವಂತಿಲ್ಲ. ಹಪ್ಪಳಕ್ಕೆ ಕೈಚಾಚಿದ ಹುಡುಗನನ್ನು ತಾಯಿ ಕಣ್ಣಿನಲ್ಲಿಯೇ ತಡೆಯುತ್ತಾಳೆ. ಕೊನೆಯ ಎಲೆಗೆ ಬಡಿಸಿದ್ದಾಯಿತೆಂದು ತಿಳಿದ ಮೇಲೆಯೇ 'ಗೋವಿಂದ' ಎನ್ನುವುದು. ಸೊಗಸಾದ ಸಂಯಮ ಇದು. ಆದರೆ ಈ ಪಂಕ್ತಿಯೇ ಪಂಕ್ತಿಭೇದವನ್ನೂ ಸಾಕಿತು. ಒಳಗೆ ಕುಳಿತವರಿಗಾಗಿ ಎಷ್ಟು ಹೊತ್ತಾದರೂ ಕಾಯುತ್ತಿದ್ದವರು, ಹಿತ್ತಲಲ್ಲಿ ಎಲೆ ಎತ್ತುವವನಿಗಾಗಿ ಕಾಯುವ ಮಾತನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಮಾನರಿಗಾಗಿ ಕಾಯುವುದು ಶಿಷ್ಟಾಚಾರ; ಅದು ಎಲ್ಲ ಸಮಾಜಗಳಲ್ಲಿಯೂ ಉಂಟು. ಕೊರಿಂಥದಲ್ಲಿ ಕೇಳಿದ್ದು ಬೇರೆ: ಯಜಮಾನ ಗುಲಾಮನಿಗಾಗಿ ಕಾಯಬೇಕು. ಪೌಲ ಗುಲಾಮಗಿರಿಯನ್ನು ತೊಡೆಯಲು ಹೊರಟವನಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೆಳಗಾದರೆ ಗುಲಾಮ ಮತ್ತೆ ಗುಲಾಮನೇ. ಆದರೆ ಪ್ರತಿ ವಾರವೂ ಯಾರ ಬರವಿಗಾಗಿ ತಟ್ಟೆಯ ಮುಂದೆ ಕೈಕಟ್ಟಿ ಕುಳಿತಿರುತ್ತೇವೆಯೋ ಅವನನ್ನು ಬರಿಯ ಸಾಮಾನೆಂದು ಎಣಿಸುವುದು ದಿನದಿನಕ್ಕೆ ಕಷ್ಟವಾಗುತ್ತದೆ.

ಈ ಕಥೆಯ ನೈತಿಕ ತೊಡಕನ್ನು ಇಲ್ಲಿಯೇ ಗಮನಿಸಬೇಕು. ಮೊದಲು ಬಂದು ಉಂಡವನು ದುಷ್ಟನೆ? ಅವನು ಯಾರದನ್ನೂ ಕದಿಯಲಿಲ್ಲ. ತಾನು ತಂದದ್ದನ್ನು ತಾನು ಉಂಡ. ಹೊತ್ತಿಗೆ ಸರಿಯಾಗಿ ಬಂದ. ತಡವಾಗಿ ಬಂದದ್ದು ಬೇರೆಯವರ ತಪ್ಪಲ್ಲವೆ? ಯಾವ ನ್ಯಾಯಾಲಯಕ್ಕೆ ಹೋದರೂ ಅವನೇ ಗೆಲ್ಲುತ್ತಾನೆ. ಪಟ್ಟಣಗಳಲ್ಲಿ ಸಂಬಳ ತೆಗೆದುಕೊಂಡು, ತೆರಿಗೆ ಕಟ್ಟಿ, ಯಾರ ಗೊಡವೆಗೂ ಹೋಗದೆ ಬಾಳುವ ನಮ್ಮಂಥವರ ಸದಾಚಾರವೂ ಬಹುಮಟ್ಟಿಗೆ ಇದೇ ಬಗೆಯದು. ನಮ್ಮ ದುಡ್ಡು, ನಮ್ಮ ಊಟ. ಇದರಲ್ಲಿ ಅಪರಾಧವಿಲ್ಲ, ಆದರೆ ಅಪರಾಧವಿಲ್ಲದ ಮಾತ್ರಕ್ಕೆ ಸಮುದಾಯ ಹುಟ್ಟುವುದಿಲ್ಲ.

ಪೌಲನ ಪತ್ರದುದ್ದಕ್ಕೂ ಮತ್ತೆ ಮತ್ತೆ ಬರುವ ಮಾತು 'ಕಟ್ಟುವುದು'. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೆ ಎಂಬುದು ಆ ಸಭೆಯ ಇನ್ನೊಂದು ವಿವಾದ. ವಿಗ್ರಹದಲ್ಲಿ ಏನೂ ಇಲ್ಲ, ಆದುದರಿಂದ ತಿನ್ನಬಹುದು ಎಂಬುದು ತಿಳಿದವರ ವಾದ. ಪೌಲನಿಗೆ ಆ ವಾದ ಒಪ್ಪಿಗೆಯೇ. ಆದರೆ ನಿನ್ನೆಯವರೆಗೆ ಆ ವಿಗ್ರಹಕ್ಕೆ ಅಡ್ಡಬಿದ್ದು ಇಂದು ಹೊಸದಾಗಿ ಬಂದವನ ಮನಸ್ಸು ಇನ್ನೂ ಅಷ್ಟು ದೂರ ನಡೆದಿಲ್ಲ. ತಿಳಿದವನು ತಿನ್ನುವುದನ್ನು ಕಂಡು ಅವನು ಎಡವುವನಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಎನ್ನುತ್ತಾನೆ. ಇದೂ ಕಾಯುವುದೇ ಅಲ್ಲವೆ? ಅಲ್ಲಿ ಹೆಜ್ಜೆ ತಡವಾದವನಿಗಾಗಿ ಕಾಯುವುದು, ಇಲ್ಲಿ ಬುದ್ಧಿ ತಡವಾದವನಿಗಾಗಿ ಕಾಯುವುದು. ವಿದ್ಯಾವಂತರಿಗೆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಅನ್ನವನ್ನು ಬಿಟ್ಟು ಕುಳಿತೇವು. ನಮ್ಮ ವಾದ ಸರಿಯಾಗಿರುವಾಗ ಅದನ್ನು ಗೆಲ್ಲದೆ ಬಿಡುವುದು ಹೇಗೆ?

ಸಮಾಜವನ್ನು ದೇಹಕ್ಕೆ ಹೋಲಿಸುವ ಮಾತು ಹಲವು ನಾಡುಗಳಲ್ಲಿ ಬಳಕೆಯಲ್ಲಿದೆ. ಪುರುಷಸೂಕ್ತ ನಮಗೆ ಗೊತ್ತೇ ಇದೆ. ಅಲ್ಲಿ ಮುಖದಿಂದ ಪಾದದವರೆಗಿನ ಅಂಗಗಳಿಗೂ ವರ್ಣಗಳಿಗೂ ಸಂಬಂಧ ಹೇಳಿದೆ. ಮುಂದಿನವರು ಅದರಿಂದ ಮೇಲುಕೀಳಿನ ಪಟ್ಟಿಯನ್ನು ತೆಗೆದರು. ರೋಮಿನಲ್ಲಿ ಮೆನೇನಿಯಸ್ ಅಗ್ರಿಪ್ಪನ ಕಥೆಯುಂಟು. ಇತಿಹಾಸಕಾರ ಲಿವಿ ಅದನ್ನು ಬರೆದಿಟ್ಟಿದ್ದಾನೆ. ಬಡಜನ ದಂಗೆಯೆದ್ದು ಊರುಬಿಟ್ಟು ಹೋದಾಗ ಅಗ್ರಿಪ್ಪ ಅವರ ಬಳಿಗೆ ಹೋಗಿ, ಹೊಟ್ಟೆಯ ಮೇಲೆ ಮುನಿದು ದುಡಿಯುವುದನ್ನು ಬಿಟ್ಟ ಕೈಕಾಲುಗಳು ತಾವೇ ಸೊರಗಿದ ಕಥೆಯನ್ನು ಹೇಳಿ ಸಮಾಧಾನಪಡಿಸಿದನಂತೆ. ಕೈಕಾಲುಗಳು ಹೊಟ್ಟೆಯನ್ನು ಸಲಹಬೇಕು ಎಂಬುದು ಅದರ ನೀತಿ. ಉಳ್ಳವರಿಗೆ ಹಿತವಾದ ನೀತಿ. ಪೌಲನೂ ಹನ್ನೆರಡನೆಯ ಅಧ್ಯಾಯದಲ್ಲಿ ದೇಹದ ಹೋಲಿಕೆಯನ್ನೇ ಎತ್ತಿಕೊಳ್ಳುತ್ತಾನೆ, ಆದರೆ ಮಗುಚಿ ಹಾಕುತ್ತಾನೆ. ಬಲಹೀನವೆಂದು ತೋರುವ ಅಂಗವೇ ಹೆಚ್ಚು ಬೇಕಾದದ್ದು. ಮಾನ ಕಡಮೆಯಾದ ಅಂಗಕ್ಕೇ ಹೆಚ್ಚು ಮಾನ ಸಲ್ಲಬೇಕು. ದೇಹ ನಡೆಯುವುದು ಕುಂಟುವ ಕಾಲಿನ ವೇಗದಲ್ಲಿ. ಒಳ್ಳೆಯ ಕಾಲು ಮುಂದೆ ಓಡುವೆನೆಂದರೆ ಇಡೀ ದೇಹವೇ ಬೀಳುತ್ತದೆ.

ಮಾತಿನಲ್ಲಿಯೂ ಕಾಯಬೇಕು. ಕೊರಿಂಥದ ಕೂಟಗಳಲ್ಲಿ ಆವೇಶ ಬಂದವರೆಲ್ಲ ಒಮ್ಮೆಗೇ ಮಾತನಾಡುತ್ತಿದ್ದರು. ಒಬ್ಬೊಬ್ಬರಾಗಿ ಮಾತನಾಡಿರಿ, ಕುಳಿತಿರುವ ಇನ್ನೊಬ್ಬನಿಗೆ ಏನಾದರೂ ಹೊಳೆದರೆ ಮೊದಲಿನವನು ಸುಮ್ಮನಾಗಲಿ ಎಂದು ಹದಿನಾಲ್ಕನೆಯ ಅಧ್ಯಾಯ ಹೇಳುತ್ತದೆ. ಕುಳಿತು ಮಾತನಾಡುವ ನಮ್ಮ ಸಮಿತಿಗಳಿಗೂ ಸಾಹಿತ್ಯಗೋಷ್ಠಿಗಳಿಗೂ ಈ ಒಂದು ನಿಯಮವನ್ನು ಹಾಕಿದರೆ ಅರ್ಧ ಜಗಳ ಕಡಮೆಯಾದೀತು. ಜಗಳವೇ ಬಂದರೆ? ಮತ್ತಾಯನ ಸುವಾರ್ತೆಯಲ್ಲಿ ಅದಕ್ಕೊಂದು ಕ್ರಮವಿದೆ: ತಪ್ಪು ಮಾಡಿದವನನ್ನು ಮೊದಲು ಒಬ್ಬನೇ ಹೋಗಿ ಕಾಣು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅನಂತರವೇ ಸಭೆಗೆ ತಿಳಿಸು. ಇದರಲ್ಲಿ ಸತ್ಯವನ್ನು ನುಂಗಿಕೊಳ್ಳುವ ಮಾತಿಲ್ಲ, ಹೇಳಬೇಕಾದದ್ದನ್ನು ಹೇಳಲೇಬೇಕು. ಆದರೆ ಊರೆಲ್ಲ ಹೇಳುವ ಮುನ್ನ ಅವನಿಗೆ ತಿದ್ದಿಕೊಳ್ಳಲು ಹೊತ್ತು ಕೊಡಬೇಕು. ಕ್ಷಮೆಯೆಂದರೂ ಬಹುಮಟ್ಟಿಗೆ ಇದೇ: ಮನುಷ್ಯನಿಗೆ ಇನ್ನಷ್ಟು ಹೊತ್ತು ಕೊಡುವುದು.

ಹೀಗೆ ಎಲ್ಲರಿಗೂ ಕಾಯುತ್ತ ಕುಳಿತರೆ ಶಿಸ್ತು ಉಳಿಯುವುದೆ, ಸೋಮಾರಿಗಳಿಗೆ ಹಬ್ಬವಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಬಲ್ಲವರು ಮಠದ ಬಾಳನ್ನು ಬಲ್ಲವರು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠಗಳಿಗಾಗಿ 73 ಅಧ್ಯಾಯಗಳ ಒಂದು ನಿಯಮಗ್ರಂಥವನ್ನು ಬರೆದ. ಅಡುಗೆಮನೆಯ ಸರದಿಯಿಂದ ಬಾಗಿಲು ಕಾಯುವವನ ವಯಸ್ಸಿನವರೆಗೆ ಅದು ಎಲ್ಲವನ್ನೂ ಹೇಳುತ್ತದೆ. ನಡುರಾತ್ರಿಯ ಪ್ರಾರ್ಥನೆಗೆ ತಡವಾಗಿ ಬರುವವರ ವಿಚಾರವೂ ಇದೆ. ಅವರಿಗೆ ಶಿಕ್ಷೆಯುಂಟು: ತಮ್ಮ ಸ್ಥಾನದಲ್ಲಿ ನಿಲ್ಲದೆ ಎಲ್ಲರ ಕೊನೆಯಲ್ಲಿಯೋ ಬೇರೆಯಾಗಿಯೋ ನಿಲ್ಲಬೇಕು. ಆದರೆ ಆ ಶಿಕ್ಷೆಗೆ ಮೊದಲು ಒಂದು ದಯೆಯೂ ಉಂಟು: ಆರಂಭದ ಕೀರ್ತನೆಯನ್ನು ಬೇಕೆಂದೇ ನಿಧಾನವಾಗಿ, ಎಳೆದು ಹಾಡಬೇಕು, ಅದು ಮುಗಿಯುವುದರೊಳಗೆ ಬಂದವನು ತಡವಾದವನಲ್ಲ. ಹಾಗೂ ತಡವಾದವನನ್ನು ಹೊರಗೆ ನಿಲ್ಲಿಸಕೂಡದು. ಹೊರಗೆ ಬಿಟ್ಟರೆ ಹೋಗಿ ಮಲಗಿಬಿಟ್ಟಾನು, ಇಲ್ಲವೆ ಹರಟೆಗೆ ಕುಳಿತಾನು. ಒಳಗೆ ಬರಲಿ ಎನ್ನುತ್ತಾನೆ. ಮನುಷ್ಯರನ್ನು ಹತ್ತಿರದಿಂದ ಕಂಡವನ ಮಾತು ಇದು. ಶಿಸ್ತನ್ನು ಬಿಡಲಿಲ್ಲ, ಹಾಡನ್ನು ನಿಧಾನಮಾಡಿದ. ಮಠದಲ್ಲಿ ಮುಖ್ಯವಾದ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಒಳ್ಳೆಯ ಆಲೋಚನೆ ಎಷ್ಟೋ ವೇಳೆ ಕಿರಿಯವನಿಗೆ ಹೊಳೆಯುತ್ತದೆ ಎಂದೂ ಅದೇ ಗ್ರಂಥ ಹೇಳುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾಯಿರಿ ಎಂಬ ಮಾತನ್ನು ಲೋಕದಲ್ಲಿ ಯಾರು ಯಾರಿಗೆ ಹೇಳುತ್ತ ಬಂದಿದ್ದಾರೆ? ಉಳ್ಳವರು ಇಲ್ಲದವರಿಗೆ. ಕೊರಿಂಥದವರಿಗೆ ಬರೆದ ಇದೇ ಪತ್ರದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂಬ ಮಾತೂ ಇದೆ. ಅದು ಆಮೇಲೆ ಯಾರೋ ಸೇರಿಸಿದ್ದೆಂದು ಹಲವು ವಿದ್ವಾಂಸರ ಮತ. ಸೇರಿಸಿದ್ದಾಗಲಿ ಅಲ್ಲವಾಗಲಿ, ಹೆಂಗಸರು ಅದನ್ನು ಹತ್ತೊಂಬತ್ತು ಶತಮಾನ ಕೇಳಬೇಕಾಯಿತು. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸೆರೆಯಲ್ಲಿದ್ದಾಗ ಎಂಟು ಜನ ಬಿಳಿಯ ಧರ್ಮಗುರುಗಳು ಅವರ ಚಳವಳಿ ಅಕಾಲಿಕವೆಂದು ಹೇಳಿಕೆ ಕೊಟ್ಟರು. ಕೆಟ್ಟವರಲ್ಲ ಅವರು, ಸ್ವಲ್ಪ ತಾಳಿರಿ ಎಂಬುದೇ ಅವರ ಬುದ್ಧಿವಾದ. ಕಿಂಗ್ ಸೆರೆಮನೆಯಿಂದಲೇ ಉತ್ತರ ಬರೆದು, ತಾಳಿರಿ ಎಂಬ ಆ ಮಾತು ಎಷ್ಟು ಕಾಲದಿಂದ ಕಪ್ಪುಜನರ ಕಿವಿಗೆ ಬೀಳುತ್ತಿದೆ, ಹಾಗೆನ್ನುವವರಿಗೆ ಅದು ಎಷ್ಟು ಸುಲಭ ಎಂಬುದನ್ನು ಬಿಡಿಸಿ ತೋರಿಸಿದರು. ಮರುವರ್ಷ ಅವರು ಹೊರತಂದ ಪುಸ್ತಕದ ಹೆಸರೇ ನಾವೇಕೆ ಕಾಯಲಾರೆವು ಎಂಬರ್ಥದ್ದು.

ಹಾಗಾದರೆ ಪೌಲ ಹೇಳಿದ್ದು ತಪ್ಪೆ, ಕಿಂಗ್ ಹೇಳಿದ್ದು ತಪ್ಪೆ? ಎರಡೂ ಒಂದೇ ಮಾತೆಂದು ನಾನು ತಿಳಿದಿದ್ದೇನೆ. ಕೊರಿಂಥದಲ್ಲಿ ಕಾಯಬೇಕಾದವನು ತಟ್ಟೆಯ ಮುಂದೆ ಕುಳಿತವನು, ಅಂಗಳದಲ್ಲಿ ನಿಂತವನಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ತಟ್ಟೆಯ ಮುಂದೆ ಕುಳಿತವರು ಅಂಗಳದಲ್ಲಿ ನಿಂತವರಿಗೆ ಕಾಯಲು ಹೇಳಿದರು. ಕಾಯುವುದು ಮೊದಲು ಬಂದವನ ಧರ್ಮ. ಹಿಂದುಳಿದವನಿಗೆ ಅದನ್ನು ಉಪದೇಶಿಸಿದ ಕ್ಷಣದಲ್ಲಿಯೇ ಗುಣ ದೋಷವಾಗುತ್ತದೆ. ತಾಳ್ಮೆ, ವಿನಯ, ತ್ಯಾಗ ಮೊದಲಾದ ಎಲ್ಲ ಸದ್ಗುಣಗಳಿಗೂ ಈ ಪರೀಕ್ಷೆಯನ್ನು ಒಡ್ಡಿ ನೋಡಬಹುದು: ಹೇಳುವವನು ತಾನು ಮೊದಲು ಮಾಡುತ್ತಿದ್ದಾನೆಯೆ?

ನಮ್ಮ ದೇಶದ ಕ್ರೈಸ್ತ ಸಭೆಗಳೂ ಈ ಪರೀಕ್ಷೆಗೆ ಕುಳಿತುವು. ತಮಿಳುನಾಡಿನ ಹಳೆಯ ಸಭೆಗಳಲ್ಲಿ ಜಾತಿಯವರಿಗೆ ಒಂದು ಕಡೆ, ಉಳಿದವರಿಗೆ ಇನ್ನೊಂದು ಕಡೆ ಕೂಡುವ ಪದ್ಧತಿ ಬೆಳೆದಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಈ ಭೇದ ನಿಲ್ಲಬೇಕೆಂದು ಆಜ್ಞೆ ಮಾಡಿದಾಗ ತಂಜಾವೂರು ಮೊದಲಾದೆಡೆಗಳಲ್ಲಿ ಅನೇಕರು ಸಭೆಯನ್ನು ಬಿಟ್ಟುಹೋಗಲು ಸಿದ್ಧರಾದರು. ಒಂದೇ ಬಟ್ಟಲಿನಿಂದ ಕುಡಿಯುವುದಕ್ಕಿಂತ ಬಟ್ಟಲನ್ನೇ ಬಿಡುವುದು ಅವರಿಗೆ ಸುಲಭವಾಗಿ ಕಂಡಿತು. ಸತ್ತವರನ್ನು ಬೇರೆ ಬೇರೆ ಹೂಳುವ ಸ್ಮಶಾನಗಳ ಸುದ್ದಿ ನಮ್ಮ ಕಾಲದ ಪತ್ರಿಕೆಗಳಲ್ಲಿಯೂ ಬಂದಿದೆ.

ನಮ್ಮ ಕರಾವಳಿಯ ಕಥೆ ತುಸು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿಯನ್ನು ಒಪ್ಪದಿರುವುದೆಂದು ಗಟ್ಟಿಯಾಗಿ ನಿಂತರು. ಅದರ ಬೆಲೆ ತೆತ್ತವರು ಸೇರಿದವರು. 1844ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ತರುಣ; ಬಂಧುಬಳಗ ಅವರಿಗೆ ಇಲ್ಲವಾಯಿತು. ಬಡವರು ಕುಲದ ಕಸುಬನ್ನೂ ಗೇಣಿಯ ನೆಲವನ್ನೂ ಕಳೆದುಕೊಂಡರು. ಊಟದ ಮೇಜಿಗೆ ಕರೆದಮೇಲೆ ಊಟ ದೊರೆಯುವ ದಾರಿಯನ್ನೂ ಮಾಡಬೇಕಷ್ಟೆ! ಮಿಷನ್ನು ನೇಯ್ಗೆಯನ್ನು ತಂದಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಇಂದು ಮಂಗಳೂರು ಹಂಚೆಂದರೆ ನಮಗೆ ಮನೆಯ ಮಾಡು ನೆನಪಾಗುತ್ತದೆ. ಅದರ ಹಿಂದೆ ಮಾಡಿಲ್ಲದವರಾದ ಜನರ ಅನ್ನದ ಪ್ರಶ್ನೆ ಇತ್ತೆಂಬುದು ನೆನಪಾಗುವುದು ಕಡಮೆ. ಆದರೆ ಸಭೆಯ ಹೊಣೆಯನ್ನು ನಾಡಿನವರ ಕೈಗೆ ಕೊಡುವುದರಲ್ಲಿ ಅದೇ ಮಿಷನ್ನು ಆತುರ ತೋರಲಿಲ್ಲ. ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಕೌಂಡಿನ್ಯರು ಬಹುಕಾಲ ಅಪವಾದವಾಗಿಯೇ ಉಳಿದರು. ಒಂದನೆಯ ಮಹಾಯುದ್ಧದಲ್ಲಿ ಜರ್ಮನರು ದೇಶ ಬಿಡಬೇಕಾಗಿ ಬಂದಾಗ ನಾಡಿನವರು ಸಭೆಯ ಭಾರವನ್ನು ಹೊರಬೇಕಾಯಿತು, ಹೊತ್ತರು. ಇವರಿಗೆ ಇನ್ನೂ ಕಾಲ ಬಂದಿಲ್ಲವೆಂದು ಕಾಯಿಸುತ್ತಿದ್ದುದು ಎಷ್ಟು ಅನಾವಶ್ಯಕವೆಂಬುದು ಆಗ ತಿಳಿಯಿತು.

ಇದೇ ನೋವನ್ನು 1910ರಲ್ಲಿ ಎಡಿನ್‌ಬರೊದ ಲೋಕ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನವರು ಬಾಯಿಬಿಟ್ಟು ಹೇಳಿದರು. ನಿಮ್ಮ ತ್ಯಾಗಕ್ಕೆ ನಾವು ಋಣಿಗಳು. ಆದರೆ ನಮಗೆ ಬೇಕಾದದ್ದು ಸ್ನೇಹಿತರು ಎಂಬುದು ಅವರ ಭಾಷಣದ ಸಾರ. ಕೊಡುವವನು ಎಷ್ಟೇ ಕೊಡಲಿ, ಪಕ್ಕದಲ್ಲಿ ಕುಳಿತು ಉಣ್ಣದಿದ್ದರೆ ಪಡೆಯುವವನಿಗೆ ಅದು ಅಂಗಳದ ಊಟವೇ. ಅಜರಯ್ಯನವರು 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಥದವರನ್ನು ಕೂಡಿಸಿ ಒಂದೇ ಸಭೆಯಾಗುವ ಮಾತನ್ನು ತೆಗೆದವರಲ್ಲಿ ಅವರು ಮುಖ್ಯರು. ಬಿಷಪ್ಪರಿರಬೇಕೆನ್ನುವವರು, ಬೇಡವೆನ್ನುವವರು, ಮಾತುಕತೆ 28 ವರ್ಷ ನಡೆಯಿತು. ಕೊನೆಗೆ ಆದ ಒಪ್ಪಂದವೇ ಒಂದು ಪಾಠ: ಮುಂದೆ ದೀಕ್ಷೆ ಪಡೆಯುವ ಪಾದ್ರಿಗಳಿಗೆಲ್ಲ ಬಿಷಪ್ಪರೇ ದೀಕ್ಷೆ ಕೊಡತಕ್ಕದ್ದು, ಈಗಾಗಲೇ ಬೇರೆ ಕ್ರಮದಲ್ಲಿ ದೀಕ್ಷೆ ಪಡೆದವರನ್ನು ಹಾಗೆಯೇ ಒಪ್ಪತಕ್ಕದ್ದು, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಪ್ಪದ ಪಾದ್ರಿಯನ್ನು ಹೇರಕೂಡದು, ಹೀಗೆ 30 ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡು ನಡೆಯತಕ್ಕದ್ದು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಯ್ಯನವರು ಅದನ್ನು ನೋಡಲಿಲ್ಲ. 1945ರ ಮೊದಲ ದಿನವೇ ತೀರಿಕೊಂಡಿದ್ದರು. ದೇಶ ಎರಡಾಗಿ ಒಡೆದ ಆರೇ ವಾರಗಳ ಮೇಲೆ, ಬೇರೆ ಬೇರೆಯಾಗಿದ್ದವರು ಒಂದಾದದ್ದು ನಮ್ಮ ಈ ದಕ್ಷಿಣದಲ್ಲಿ.

ಪ್ರೀತಿ, ಕ್ಷಮೆ, ಸತ್ಯ, ಅತಿಥಿಸತ್ಕಾರ ಇವೆಲ್ಲವೂ ಸಮುದಾಯಕ್ಕೆ ಬೇಡವೆಂದು ನಾನು ಹೇಳಲಾರೆ. ಆದರೆ ಇವೆಲ್ಲ ದೊಡ್ಡ ಹೆಸರುಗಳು. ನಮ್ಮಲ್ಲಿ ಇವೆಯೆಂದು ಸುಲಭವಾಗಿ ಭ್ರಮಿಸಬಹುದು. ಯಾರನ್ನು ಕೇಳಿದರೂ ತನ್ನಲ್ಲಿ ಪ್ರೀತಿಯಿಲ್ಲವೆಂದು ಹೇಳುವುದಿಲ್ಲ. ಕಾಯುವ ಗುಣಕ್ಕೆ ಈ ಭ್ರಮೆಯ ಅವಕಾಶ ಕಡಮೆ. ಕಾದೆವೋ ಇಲ್ಲವೋ ಎಂಬುದನ್ನು ಮುಂದಿರುವ ತಟ್ಟೆಯೇ ಹೇಳುತ್ತದೆ. ಮತ್ತು ಇದನ್ನು ಮಾಡಲು ಸಂತನಾಗಬೇಕಾಗಿಲ್ಲ. ಹಸಿದ ಸಾಮಾನ್ಯ ಮನುಷ್ಯನೂ ಅರ್ಧ ಗಂಟೆ ತಡೆದಾನು. ಪೌಲ ಕೊರಿಂಥದವರಿಂದ ಕೇಳಿದ್ದು ಅಷ್ಟನ್ನೇ; ಅಷ್ಟು ಸಾಕೆಂದು ಅವನು ಎಣಿಸಿದ್ದಿರಬಹುದು.

ಕ್ರೈಸ್ತರಲ್ಲದ ನಮಗೆ ಇದರಿಂದೇನು ಎನ್ನಬಾರದು. ಬೀದಿಬೀದಿಗೆ ಸಂಘಗಳನ್ನು ಕಟ್ಟುತ್ತೇವೆ. ಒಂದೇ ಮಾಳಿಗೆಯ ಮೇಲೆ ನಲವತ್ತು ಸಂಸಾರ ಬಾಳುತ್ತೇವೆ. ಜಾತಿಗೊಂದು ಸಮುದಾಯಭವನವನ್ನು ಎತ್ತಿದ್ದೇವೆ. ಇವುಗಳಲ್ಲಿ ಸಮುದಾಯವೆಷ್ಟು, ಭವನವೆಷ್ಟು ಎಂದು ತಿಳಿಯಬೇಕಾದರೆ ಲೆಕ್ಕಪತ್ರ ನೋಡಬೇಕಾಗಿಲ್ಲ. ಊಟದ ಹೊತ್ತಿಗೆ ಹೋಗಿ, ಯಾರು ಇನ್ನೂ ಬಂದಿಲ್ಲ, ಅವರು ಬಂದಿಲ್ಲವೆಂಬುದನ್ನು ಒಳಗಿನವರಲ್ಲಿ ಯಾರಾದರೂ ಗಮನಿಸಿದ್ದಾರೆಯೆ ಎಂದು ನೋಡಿದರೆ ಸಾಕು.